ಏಳನೇ ನಂಬರಿನ ಗಾಡಿ

ಇನ್‌ಸ್ಪೆಕ್ಟರ್ ರಾಯ್ಸ್ ಲಾಟುಲಿಪ್ ಆಂಬುಲೆನ್ಸಿನ ಹಿಂದೆ ಕುಕ್ಕರಗಾಲಲ್ಲಿ ಕೂತವನು ಮೇಲೇಳಲೇ ಇಲ್ಲ. ಆರ್ಡಿತ್ ಪೆಲ್ಕಿಗೆ ಇದು ಹಿಡಿಸಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದವನು ಆಮ್ಲಜನಕದ ಸಿಲಿಂಡರು ನೋಡಿದ್ದ, ಬ್ಯಾಂಡೇಜು ಎಣಿಸಿದ್ದ, ಮಾತ್ರೆಗಳ ತಾರೀಖು ಓದಿದ್ದ, ಊರಿನ ನಾಯಿಗಳೆಲ್ಲ ಬೊಗಳುವಷ್ಟು ಹೊತ್ತು ಸೈರನ್ ಕೂಗಿಸಿದ್ದ. ಒಂದಕ್ಕೂ ಕೊಂಕು ತೆಗೆದಿರಲಿಲ್ಲ. ಈಗ ನಂಬರ್ ಪ್ಲೇಟಿನ ಎದುರು ಕೂತು ಒಮ್ಮೆ ಕೈಯಲ್ಲಿದ್ದ ಕಾಗದ ನೋಡುತ್ತಾನೆ, ಒಮ್ಮೆ ಪ್ಲೇಟು ನೋಡುತ್ತಾನೆ, ಮತ್ತೆ ಕಾಗದ.

"ಮೇಡಂ, ಈ ಗಾಡಿ ನಂಬರು ಎಷ್ಟು?"

"ಏಳು. ಕಣ್ಣೆದುರಿಗೇ ಇದೆಯಲ್ಲ."

"ಕಣ್ಣೆದುರಿಗೆ ಏಳಿದೆ. ರಿಜಿಸ್ಟ್ರೇಷನ್‌ನಲ್ಲಿ ಇನ್ನೂರ ಹನ್ನೆರಡು ಇದೆ. ನೀವು ಕಳಿಸಿದ ಅರ್ಜಿಯಲ್ಲೂ ಇನ್ನೂರ ಹನ್ನೆರಡೇ ಇದೆ. ಬರೆದವರು ನೀವೇ."

ಆರ್ಡಿತ್ ಬಗ್ಗಿ ನೋಡಿದಳು. ಹಸಿರು ಅಕ್ಷರದ ಹಳೆಯ ತಗಡಿನ ಮೇಲೆ ಒಂಟಿ ಏಳು, ಮೂಲೆಯಲ್ಲಿ ತುಸು ನೆಗ್ಗಿದ್ದು, ಸುಖವಾಗಿ ಕೂತಿತ್ತು. ಹ್ಯಾಸ್ಕೆಟ್ ಊರಿನ ಆಂಬುಲೆನ್ಸ್ ಎಂದರೆ ಏಳನೇ ನಂಬರು. ಅವಳು ಸೇರಿದ ದಿನದಿಂದ, ಮೂವತ್ತೊಂದು ವರ್ಷದಿಂದ, ಅದು ಏಳೇ. ನವೆಂಬರಿನಲ್ಲಿ ಹಳೆಯ ಗಾಡಿ ಗುಜರಿಗೆ ಹೋಗಿ ಹೊಸದು ಬಂತು. ಹೊಸ ಗಾಡಿಯ ಹಿಂದೆಯೂ ಏಳು ಕಂಡಾಗ ಅವಳ ಕಣ್ಣು ಅಲ್ಲಿ ತಡೆಯಲೇ ಇಲ್ಲ. ಗಂಡನ ಮುಖದ ಮೇಲಿನ ಮಚ್ಚೆಯನ್ನು ಯಾರು ದಿನಾ ನೋಡುತ್ತಾರೆ? ಅರ್ಜಿ ತುಂಬುವಾಗ ಮಾತ್ರ ರಿಜಿಸ್ಟ್ರೇಷನ್ ಕಾಗದ ನೋಡಿಕೊಂಡು ಇದ್ದದ್ದನ್ನು ಇದ್ದಂತೆ ಬರೆದಿದ್ದಳು.

"ಬೇರೆ ಗಾಡಿ ನಂಬರು ಹಾಕ್ಕೊಂಡು ಓಡಾಡೋ ಗಾಡಿಗೆ ನಾನು ಲೈಸೆನ್ಸ್ ಕೊಟ್ರೆ, ನಾಳೆ ನನ್ನ ಕೆಲಸಕ್ಕೇ ಲೈಸೆನ್ಸ್ ಇರಲ್ಲ ಮೇಡಂ," ಎಂದ ಲಾಟುಲಿಪ್. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟ. "ಹನ್ನೆರಡು ಗಂಟೆವರೆಗೆ ಇಲ್ಲಿರ್ತೀನಿ. ಆಮೇಲೆ ಇನ್ನೊಂದು ಊರು ಇದೆ. ಅಷ್ಟರೊಳಗೆ ಕಾಗದ, ಗಾಡಿ ಎರಡೂ ಒಂದೇ ಮಾತು ಹೇಳಿದ್ರೆ ಸರಿ. ಇಲ್ಲಾಂದ್ರೆ ಮುಂದಿನ ತಾರೀಖು ಜುಲೈ."

ಗಡಿಯಾರದಲ್ಲಿ ಹತ್ತು ಹತ್ತು.

ಜುಲೈ ಅಂದರೆ ಇನ್ನೂ ನಾಲ್ಕು ತಿಂಗಳು. ಆರ್ಡಿತ್ ತಿರುಗಿ ನದಿಯ ಕಡೆ ನೋಡಿದಳು. ಶೆಡ್ಡಿನ ಬಾಗಿಲಿನಿಂದ ಸೇತುವೆ ಕಾಣುತ್ತದೆ, ಅದರಾಚೆ ಆಲ್ಡರ್ ಬೆಂಡ್ ಊರಿನ ಚರ್ಚಿನ ತುದಿ, ಹತ್ತಿಪ್ಪತ್ತು ಚಿಮಣಿ. ಸೇತುವೆ ದಾಟಲು ನಾಲ್ಕು ನಿಮಿಷ ಸಾಕು. ಆದರೆ ಹ್ಯಾಸ್ಕೆಟ್ ಇರುವುದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಆಲ್ಡರ್ ಬೆಂಡ್ ಇರುವುದು ವರ್ಮಾಂಟ್ ರಾಜ್ಯದಲ್ಲಿ. ಎರಡು ವರ್ಷದ ಹಿಂದೆ ಆಲ್ಡರ್ ಬೆಂಡಿನವರ ಆಂಬುಲೆನ್ಸ್ ಓಡಿಸುವವರಿಲ್ಲದೆ ಮುಚ್ಚಿತು. ಈಗ ಅವರ ರಾಜ್ಯದ ಗಾಡಿ ಬರಬೇಕೆಂದರೆ ಬೆಟ್ಟದಾಚೆಯಿಂದ ನಲವತ್ತೈದು ನಿಮಿಷ. ಹ್ಯಾಸ್ಕೆಟಿನ ಗಾಡಿ ಆ ನೆಲದ ಮೇಲೆ ನಿಂತು ರೋಗಿಯನ್ನು ಎತ್ತಿಕೊಳ್ಳಬೇಕೆಂದರೆ ಆ ರಾಜ್ಯದ ಲೈಸೆನ್ಸ್ ಬೇಕು; ಅದರ ತಪಾಸಣೆಗೆ ಅಲ್ಲಿಂದ ಬಂದವನೇ ಲಾಟುಲಿಪ್. ಕಳೆದ ವರ್ಷ ಆರ್ಡಿತ್ ಒಮ್ಮೆ ಲೈಸೆನ್ಸ್ ಇಲ್ಲದೆಯೇ ಹೋಗಿ, ಮೆಟ್ಟಿಲ ಮೇಲೆ ಬಿದ್ದಿದ್ದ ಒಬ್ಬ ಹೆಂಗಸನ್ನು ಎತ್ತಿಕೊಂಡು ಬಂದಳು. ಹೆಂಗಸು ಬದುಕಿದಳು. ಹದಿನೈದು ದಿನಕ್ಕೆ ಆ ರಾಜ್ಯದಿಂದ ಪತ್ರ ಬಂತು: ಇನ್ನೊಮ್ಮೆ ಹೀಗಾದರೆ ಹ್ಯಾಸ್ಕೆಟಿನ ಗಾಡಿ ಎರಡೂ ಕಡೆ ಓಡುವುದು ನಿಲ್ಲುತ್ತದೆ.

ಆದರೆ ನದಿ ನ್ಯೂ ಹ್ಯಾಂಪ್‌ಶೈರಿನದು. ಪೂರ್ತಿ ನದಿ, ಆಚೆ ದಡದ ನೀರಂಚಿನವರೆಗೂ. ಅಜ್ಜಂದಿರ ಕಾಲದ ಗಡಿ ಜಗಳದಲ್ಲಿ ಹಾಗೆ ತೀರ್ಮಾನವಾದದ್ದು. ಅಂದ ಮೇಲೆ ಸೇತುವೆಯೂ ಹೆಚ್ಚುಕಡಿಮೆ ಪೂರ್ತಿ ಈಚಿನದೇ. ಆಲ್ಡರ್ ಬೆಂಡಿನವರಿಗೆ ಇದು ಗೊತ್ತಾದದ್ದೇ ತಡ, ರೋಗಿಗಳನ್ನು ತಾವೇ ಸೇತುವೆಗೆ ತರತೊಡಗಿದರು. ಕಾರಿನಲ್ಲಿ, ಪಿಕಪ್ ಗಾಡಿಯ ಹಿಂದೆ, ಹಿಮದ ಮೇಲೆ ಎಳೆಯುವ ಹಲಗೆಯಲ್ಲಿ. ಜನವರಿಯಲ್ಲಿ ಲೈನಸ್ ಕಾರ್ಪ್ ಎಂಬ ಮುದುಕನನ್ನು ಸೊಂಟ ಮುರಿದುಕೊಂಡದ್ದಕ್ಕೆ ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿನಲ್ಲಿ, ಹಾಸಿಗೆ ಸಮೇತ ಮಲಗಿಸಿ ತಂದಿದ್ದರು. ಆರ್ಡಿತ್ ಸೇತುವೆಯ ಕೊನೆಯ ಹಲಗೆಯ ಮೇಲೆ ನಿಂತು ಆ ಟ್ರ್ಯಾಕ್ಟರು ಉಬ್ಬುತಗ್ಗುಗಳ ಮೇಲೆ ಬರುವುದನ್ನು ನೋಡಿದ್ದಳು. ಒಂದೊಂದು ತಗ್ಗಿಗೂ ಅವನು ಕೂಗಿದ್ದು ಕೇಳಿಸಿತ್ತು. ಎದುರು ಹೋಗುವಂತಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಕೂತು ಅರ್ಜಿ ಬರೆದಿದ್ದಳು.

"ಕ್ಯಾಪ್," ಎಂದ ಡ್ವೈಟ್. ಅವನು ಗಾಡಿಯ ಚಾಲಕ, ವಾರದ ಉಳಿದ ದಿನ ಪ್ಲಂಬರು. ಆರ್ಡಿತ್ ತಂಡದ ಕ್ಯಾಪ್ಟನ್ ಆದ್ದರಿಂದ ಎಲ್ಲರಿಗೂ ಕ್ಯಾಪ್. "ನಾನು ಹೇಳಿದೆ ಅಂತ ಹೇಳ್ಬೇಡಿ. ಹೊಸ ಗಾಡಿ ಬಂದಾಗ ಊರಿನವರಿಗೆಲ್ಲ ಊಟ ಇಟ್ಕೊಂಡಿದ್ವಲ್ಲ, ಅವತ್ತು ಎಲ್ವಿನ್ ಸ್ಕ್ರೂಡ್ರೈವರ್ ಇದೆಯಾ ಅಂತ ಕೇಳಿದ್ದ."

"ಕೊಟ್ಯಾ?"

"ಕೊಟ್ಟೆ. ಹಲ್ಲು ಕಟ್ಟಿಸಿದ್ದು ಸಡಿಲ ಆಗಿದೆ ಅಂದ."

"ಅದನ್ನ ನಂಬಿದ್ಯಾ?"

"ಎಲ್ವಿನ್ ಅಲ್ವಾ ಕ್ಯಾಪ್. ಅವನು ಏನು ಬೇಕಾದ್ರೂ ಮಾಡ್ತಾನೆ."

ಎಲ್ವಿನ್ ಸ್ಟಾಡರ್ಡ್ ಹ್ಯಾಸ್ಕೆಟಿನ ಟೌನ್ ಕ್ಲರ್ಕ್. ಊರಿನ ಜನನ, ಮರಣ, ನಾಯಿ, ಗಾಡಿ, ಎಲ್ಲದರ ನೋಂದಣಿಯೂ ಅವನ ಕೈಯಲ್ಲೇ. ಆ ಇನ್ನೂರ ಹನ್ನೆರಡನ್ನು ಗಾಡಿಗೆ ಕೊಟ್ಟವನು ಅವನೇ. ಅದನ್ನು ಕಿತ್ತವನೂ ಅವನೇ ಆದರೆ ಇದು ಬೇಲಿ ಹೊಲ ಮೇಯ್ದ ಕತೆ. ಅವನ ಆಫೀಸು ತೆರೆದಿರುವುದು ಮಂಗಳವಾರ ಸಂಜೆ ಎರಡು ತಾಸು, ಗುರುವಾರ ಬೆಳಿಗ್ಗೆ ಎರಡು ತಾಸು. ಇವತ್ತು ಶನಿವಾರ. ಮೇಲಾಗಿ ಮಾರ್ಚ್ ತಿಂಗಳು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ದಿನಗಳಲ್ಲೇ ಮೇಪಲ್ ಮರಗಳು ರಸ ಇಳಿಸುವುದು. ಎಲ್ವಿನ್ ಎಲ್ಲಿರುತ್ತಾನೆಂದು ಹೊಸದಾಗಿ ಹುಟ್ಟಿದ ಮಗುವೂ ಹೇಳೀತು. ಬೆಟ್ಟದ ಮೇಲಿನ ತನ್ನ ಆಲೆಮನೆಯಲ್ಲಿ, ಆ ರಸ ಕಾಯಿಸಿ ಸಿಹಿ ಪಾಕ ಇಳಿಸುತ್ತ.

"ನಾನೂ ಬರ್ತೀನಿ," ಎಂದ ಲಾಟುಲಿಪ್. "ಆ ಇನ್ನೂರ ಹನ್ನೆರಡು ಎಲ್ಲಿ ಹೋಯ್ತು ಅಂತ ನನಗೂ ಗೊತ್ತಾಗ್ಬೇಕು."

ಬೆಟ್ಟದ ದಾರಿ ಆ ತಿಂಗಳು ದಾರಿಯಲ್ಲ, ಪಾಯಸ. ಕಾರನ್ನು ಕೆಳಗೇ ಬಿಟ್ಟು ಇಬ್ಬರೂ ನಡೆದರು. ಇನ್‌ಸ್ಪೆಕ್ಟರನ ಒಂದು ಬೂಟು ಎರಡು ಸಲ ಕೆಸರಿನಲ್ಲೇ ಉಳಿಯಿತು. ಎರಡು ಸಲವೂ ಅವನು ಒಂಟಿಕಾಲಲ್ಲಿ ನಿಂತು, ಆರ್ಡಿತ್‌ಳ ಹೆಗಲು ಹಿಡಿದು, ಅದನ್ನು ಎಳೆದುಕೊಂಡ. 

ಆಲೆಮನೆಯ ಸೂರಿನಿಂದ ಬಿಳಿಯ ಹಬೆ ಮೋಡದಂತೆ ಏಳುತ್ತಿತ್ತು. ಒಳಗೆ ಒಂದೆರಡು ಹೆಜ್ಜೆ ಆಚೆಗೆ ಏನೂ ಕಾಣದು. ಉದ್ದನೆಯ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿತ್ತು, ಕೆಳಗೆ ಕಬ್ಬಿಣದ ಒಲೆ ಗುಡುಗುತ್ತಿತ್ತು. ಹಬೆಯ ನಡುವಿನಿಂದ ಎಲ್ವಿನ್‌ನ ಟೊಪ್ಪಿ ಮೊದಲು ಕಂಡಿತು, ಆಮೇಲೆ ಎಲ್ವಿನ್.

"ಬಾಗಿಲು ಹಾಕೇ ಆರ್ಡಿ! ಗಾಳಿ ಬರುತ್ತೆ."

"ಎಲ್ವಿನ್, ನನ್ನ ಗಾಡಿ ನಂಬರ್ ಪ್ಲೇಟ್ ಬದಲಾಯಿಸಿದ್ದು ನೀನೇನಾ?"

ಎಲ್ವಿನ್ ಒಲೆಗೆ ಒಂದು ಸೌದೆ ತುರುಕಿದ. ಇನ್ನೊಂದು ತುರುಕಿದ. ಎಪ್ಪತ್ತಾರು ವರ್ಷದ ಮನುಷ್ಯ ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಮಗುವಿನಂತೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅದು ನಮ್ಮಪ್ಪನ ನಂಬರು ಕಣೇ. ಹೆಣದ ಗಾಡಿಗೆ ಬಿಳಿ ಬಣ್ಣ ಬಳಿದು ಈ ಊರಿಗೆ ಮೊದಲ ಆಂಬುಲೆನ್ಸ್ ಮಾಡಿದ್ದು ಅವನು. ಆ ಏಳನ್ನ ಗುಜರಿಗೆ ಕಳಿಸು ಅಂದ್ರೆ ಹ್ಯಾಗೆ ಕಳಿಸಲಿ? ಬಿಚ್ಚಿ ಹೊಸದಕ್ಕೆ ಹಾಕ್ದೆ. ಮಂಗಳವಾರ ಆಫೀಸಿಗೆ ಹೋದಾಗ ಕಾಗದ ಸರಿ ಮಾಡೋಣ ಅಂತಿದ್ದೆ."

"ಯಾವ ಮಂಗಳವಾರ?"

"ನವೆಂಬರಿಂದು."

"ಈಗ ಮಾರ್ಚು."

"ಮರೆತೆ."

"ಹಾಗಾದ್ರೆ ಇನ್ನೂರ ಹನ್ನೆರಡನ್ನ ಕೊಡು. ಈಗಲೇ ಹೋಗಿ ಹಾಕ್ತೀನಿ, ಅಲ್ಲಿಗೆ ಮುಗೀತು."

ಎಲ್ವಿನ್ ಒಲೆಯ ಕಡೆ ನೋಡಿದ. ಲಾಟುಲಿಪ್ ಅದೇ ಕಡೆ ಬಗ್ಗಿದ. ಒಲೆಯ ಹೊಗೆಕೊಳವೆಗೆ ಬುಡದಲ್ಲಿ ತೂತು ಬಿದ್ದಿತ್ತು. ತೂತಿಗೆ ತಗಡೊಂದನ್ನು ತಂತಿಯಲ್ಲಿ ಕಟ್ಟಿತ್ತು. ತಗಡು ಕಾವಿಗೆ ಕರಗಿ ಮುದುರಿ ಒಣ ಎಲೆಯಂತಾಗಿತ್ತು.

"ಇದರಲ್ಲಿ ಕೊನೆಯ ಎರಡರ ಅಂಕೆ ಮಾತ್ರ ಉಳಿದಿದೆ," ಎಂದ ಇನ್‌ಸ್ಪೆಕ್ಟರು.

"ಮುಂದಿನ ಪ್ಲೇಟು?" ಎಂದಳು ಆರ್ಡಿತ್.

"ಆಚೆ ಬದಿಗೂ ಒಂದು ತೂತಿತ್ತು," ಎಂದ ಎಲ್ವಿನ್.

ಆರ್ಡಿತ್‌ಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ಎಲ್ವಿನ್ ಕೆಳಗಿಳಿದು ಆಫೀಸು ತೆರೆದು, ಇನ್ನೂರ ಹನ್ನೆರಡನ್ನು ರದ್ದು ಮಾಡಿ, ಏಳನ್ನು ಹೊಸ ಗಾಡಿಯ ಹೆಸರಿಗೆ ಬರೆಯಬೇಕು. ಅದನ್ನು ಹೇಳಿದಳು.

"ಮಂಗಳವಾರ ಬಾ."

"ಇನ್ನೊಂದು ಸಲ ಮಂಗಳವಾರ ಅಂದ್ರೆ ನಿನ್ನನ್ನೇ ಈ ಕೊಪ್ಪರಿಗೆಗೆ ಹಾಕ್ತೀನಿ."

"ಇದನ್ನ ಬಿಟ್ಟು ಹ್ಯಾಗೆ ಬರಲಿ ಮಾರಾಯ್ತಿ? ವರ್ಷಕ್ಕೆ ಒಂದೇ ಸಲ ಹಿಂಗೆ ರಸ ಬರೋದು. ಹತ್ತು ನಿಮಿಷ ಕಣ್ಣು ತಪ್ಪಿದ್ರೆ ತಳ ಹತ್ತುತ್ತೆ, ಕೊಪ್ಪರಿಗೆ ಸೀದು ಹೋಗುತ್ತೆ. ನೀನು ನೋಡ್ಕೋತೀನಿ ಅನ್ನಬೇಡ. ನೀನು ಶಾಲೆ ಮಕ್ಕಳಿಗೆ ಮಾಡೋ ಸೂಪ್ ನಾನು ಕುಡಿದಿದ್ದೀನಿ."

"ನಾನು ನಿಲ್ಲೋ ಹಾಗೂ ಇಲ್ಲ. ಕಾಗದಕ್ಕೆ ಕ್ಯಾಪ್ಟನ್ ಸಹಿ ಬೇಕು ಅಂತ ನೀನೇ ಹೇಳೋನು."

"ಬೇಕು ಮತ್ತೆ. ನಿಯಮ ನಿಯಮಾನೇ," ಎಂದ ಎಲ್ವಿನ್, ನಾಚಿಕೆಯಿಲ್ಲದೆ.

ಆಗ ಲಾಟುಲಿಪ್ ಯಾರಿಗೂ ಅಲ್ಲದಂತೆ ಹೇಳಿದ: "ಹಿಂದಿನ ಮೂಲೇಲಿ ಬೆಂಕಿ ಇಳೀತಿದೆ."

ಎಲ್ವಿನ್ ತಿರುಗಿ ನೋಡಿ, ಹೌದಲ್ಲ ಎಂದು, ಸೌದೆ ಒಡ್ಡಿದ. ಆರ್ಡಿತ್ ಎಲ್ವಿನ್‌ನನ್ನು ನೋಡಲಿಲ್ಲ, ಇನ್‌ಸ್ಪೆಕ್ಟರನನ್ನು ನೋಡಿದಳು. ಮೂವತ್ತೊಂದು ವರ್ಷ ಅವಳು ಜನರನ್ನು ಓದಿದ್ದಳು. ಎಲ್ಲಿ ನೋವು ಎಂದು ಬಾಯಿ ಹೇಳುವ ಮೊದಲೇ ಕೈ ಹೇಳಿಬಿಡುತ್ತದೆ. ಈ ಮನುಷ್ಯನ ಬಲಗೈ ಇಲ್ಲದ ಸೌಟೊಂದನ್ನು ಹಿಡಿದ ಹಾಗೆ ಅರ್ಧ ಮುಚ್ಚಿತ್ತು. ಒಳಗೆ ಬಂದಾಗಿನಿಂದ ಅವನು ಗಡಿಯಾರ ನೋಡಿರಲಿಲ್ಲ, ಕೊಪ್ಪರಿಗೆಯನ್ನೇ ನೋಡುತ್ತಿದ್ದ.

"ಮಿಸ್ಟರ್ ಲಾಟುಲಿಪ್, ನಿಮ್ಮ ಮನೇಲೂ ಕಾಯಿಸ್ತಾರಾ?"

"ಕಾಯಿಸ್ತಿದ್ರು. ನಾನು, ನಮ್ಮಪ್ಪ, ನಮ್ಮ ಚಿಕ್ಕಪ್ಪ. ನಾಲ್ಕು ಸಾವಿರ ಮರ ಇತ್ತು."

"ನಮಗೆ ಒಂದು ಗಂಟೆ ಬೇಕು. ಇದನ್ನ ನೋಡ್ಕೋತೀರಾ?"

ಅವನು ಕೆಂಪಾದ. "ಮೇಡಂ, ನಾನು ತಪಾಸಣೆಗೆ ಬಂದೋನು. ನಿಮ್ಮಿಂದ ಏನೂ ತಗೋಬಾರದು."

"ತಗೊಳ್ಳಿ ಅಂತ ಯಾರು ಹೇಳಿದ್ರು? ಕೊಡಿ ಅಂತಿದ್ದೀನಿ. ಒಂದು ಗಂಟೆ."

"ನಿಲ್ಲು ನಿಲ್ಲು," ಎಂದು ಎಲ್ವಿನ್ ನಡುವೆ ಬಂದ. "ವರ್ಮಾಂಟಿನವನ ಕೈಗೆ ನನ್ನ ಕೊಪ್ಪರಿಗೆ ಕೊಡಬೇಕಾ? ಏನಯ್ಯಾ, ಪಾಕ ಬಂತು ಅಂತ ಹ್ಯಾಗೆ ಗೊತ್ತಾಗುತ್ತೆ ನಿನಗೆ? ಪುಸ್ತಕ ನೋಡ್ತೀಯಾ?"

ಲಾಟುಲಿಪ್ ಗೋಡೆಯ ಮೇಲಿದ್ದ ಸೌಟು ತೆಗೆದು, ಕೊಪ್ಪರಿಗೆಯಲ್ಲಿ ಅದ್ದಿ, ಓರೆಯಾಗಿ ಎತ್ತಿ ಹಿಡಿದ. "ತೊಟ್ಟು ತೊಟ್ಟಾಗಿ ಬಿದ್ರೆ ಇನ್ನೂ ನೀರು. ಅಂಚಿನಲ್ಲಿ ಒಟ್ಟಾಗಿ ಸೆರಗಿನ ಹಾಗೆ ಇಳಿದ್ರೆ ಬಂತು ಅಂತ. ನೊರೆ ಉಕ್ಕಿದ್ರೆ ಒಂದು ಚೂರು ಬೆಣ್ಣೆ. ಇದಕ್ಕೆ ಇನ್ನು ಇಪ್ಪತ್ತು ನಿಮಿಷ ಬೇಕು. ನೀವು ಈ ಮಾತಲ್ಲೇ ನಿಂತ್ರೆ ಹತ್ತೊಂಬತ್ತು."

ಎಲ್ವಿನ್ ತಲೆಯ ಟೊಪ್ಪಿ ತೆಗೆದು ಇನ್‌ಸ್ಪೆಕ್ಟರನ ತಲೆಗೆ ಇಟ್ಟ. "ಹಬೆ ತೊಟ್ಟಿಕ್ಕುತ್ತೆ. ಹಾಕ್ಕೊಂಡಿರು," ಎಂದು ಹೊರಟ.

ಎಲ್ವಿನ್‌ನ ಟ್ರ್ಯಾಕ್ಟರಿನಲ್ಲಿ ಬೆಟ್ಟ ಇಳಿದರು. ಆರ್ಡಿತ್ ಚಕ್ರದ ಮೇಲಿನ ತಗಡಿಗೆ ಆತುಕೊಂಡು ನಿಂತಿದ್ದಳು. ಕೆಸರು ಕಿವಿಯವರೆಗೂ ಹಾರಿತು. ಅರ್ಧ ದಾರಿಯಲ್ಲಿ ಎಲ್ವಿನ್ ಮುಂದೆ ನೋಡುತ್ತಲೇ ಕೂಗಿ ಕೇಳಿದ:

"ಲೈನಸ್‌ನನ್ನ ಬಕೆಟ್ಟಿನಲ್ಲಿ ತಂದ್ರಲ್ಲ, ಅವತ್ತು ನೀನು ಸೇತುವೆ ಮೇಲಿದ್ಯಾ?"

"ಇದ್ದೆ."

"ನಾನೂ ಈ ದಡದಲ್ಲಿದ್ದೆ. ಇಲ್ಲಿವರೆಗೂ ಕೇಳ್ತಿತ್ತು." ಗೇರು ಹಾಕುತ್ತ, "ನಮ್ಮಪ್ಪ ಇದ್ದಿದ್ರೆ ನನಗೆ ಒದೀತಿದ್ದ ಆರ್ಡಿ," ಎಂದ. ಟ್ರ್ಯಾಕ್ಟರಿನ ವೇಗ ಹೆಚ್ಚಿತು.

ಟೌನ್ ಹಾಲಿನ ಒಂದೇ ಕೋಣೆಯ ಆಫೀಸು ಹಿಮದಷ್ಟು ತಣ್ಣಗಿತ್ತು. ಎಲ್ವಿನ್ ಕೋಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತ. ಅವನು ಒಂದೇ ಬೆರಳಲ್ಲಿ ಒತ್ತುವವನು, ಆ ಬೆರಳಿಗೂ ಪಾಕ ಮೆತ್ತಿತ್ತು. 'ಎ' ಒತ್ತಿದರೆ ಎರಡು 'ಎ' ಬೀಳುತ್ತಿತ್ತು. ಆರ್ಡಿತ್ ಅವನ ಬೆನ್ನ ಹಿಂದೆ ನಿಂತು ಚಾಸಿ ನಂಬರು ಒಂದೊಂದೇ ಅಂಕೆಯಾಗಿ ಓದಿದಳು. ಹಳೆಯ ಗಾಡಿ ಗುಜರಿಗೆ ಹೋದದ್ದು ದಾಖಲಾಗಿದೆಯೇ ಎಂದು ಯಂತ್ರ ಕೇಳಿತು. ಆಗಿತ್ತು. ಏಳು ಯಾರ ಹೆಸರಿನಲ್ಲೂ ಇಲ್ಲದೆ ಖಾಲಿ ಇತ್ತು. ಇನ್ನೂರ ಹನ್ನೆರಡು ಏನಾಯಿತು ಎಂದು ಯಂತ್ರ ಕೇಳಿತು: ಕಳೆದಿದೆಯೇ, ಕಳುವಾಗಿದೆಯೇ, ಹಾಳಾಗಿದೆಯೇ.

"ಹಾಳಾಗಿದೆ," ಎಂದಳು ಆರ್ಡಿತ್.

"ಕಾರಣ ಬರೆಯಿರಿ ಅಂತಿದೆ."

"ಇದ್ದದ್ದನ್ನೇ ಬರಿ."

ಎಲ್ವಿನ್ ನಿಟ್ಟುಸಿರು ಬಿಟ್ಟು, 'ಕ್ಲರ್ಕನ ಮೂರ್ಖತನ' ಎಂದು ಒತ್ತಿದ. ಯಂತ್ರ ಒಪ್ಪಿಕೊಂಡಿತು.

ಇಬ್ಬರೂ ಮತ್ತೆ ಬೆಟ್ಟ ಹತ್ತಿದಾಗ ಹನ್ನೊಂದೂ ಮೂವತ್ತೈದು. ಲಾಟುಲಿಪ್ ಕೋಟು ಕಳಚಿ, ತೋಳು ಮಡಿಸಿ, ಎಲ್ವಿನ್‌ನ ಟೊಪ್ಪಿಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತಿದ್ದ. ಒಂದು ಕ್ಯಾನು ಪಾಕ ಇಳಿಸಿ ಇಟ್ಟಿದ್ದ. ಎಲ್ವಿನ್ ಅದರಿಂದ ಒಂದು ಗಾಜಿನ ಲೋಟಕ್ಕೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದ. ಹೊಂಬಣ್ಣ, ಒಂದು ಕಣ ಕಸವಿಲ್ಲ.

"ಹಾಳು ಮಾಡಿಲ್ಲ," ಎಂದ. ಇದಕ್ಕಿಂತ ದೊಡ್ಡ ಹೊಗಳಿಕೆ ಎಲ್ವಿನ್ ಸ್ಟಾಡರ್ಡ್ ಬಾಯಿಂದ ಬಂದದ್ದನ್ನು ಆರ್ಡಿತ್ ಕೇಳಿರಲಿಲ್ಲ. "ರುಚಿ ನೋಡಿದ್ಯಾ?"

"ಇಲ್ಲ."

"ಒಂದು ತೊಟ್ಟೂ?"

"ಸಹಿ ಆಗೋವರೆಗೆ ಆಗಲ್ಲ," ಎಂದ ಲಾಟುಲಿಪ್. ಅವನ ಗಂಟಲು ಮಾತ್ರ ಒಮ್ಮೆ ಮೇಲೆ ಕೆಳಗೆ ಆಯಿತು.

ಕೆಳಗಿಳಿದು ಶೆಡ್ಡಿನ ನಲ್ಲಿಯಲ್ಲಿ ಅವನು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡ. ಮತ್ತೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತ. ಕಾಗದ ನೋಡಿದ, ಪ್ಲೇಟು ನೋಡಿದ. ಮುಂದೆ ಹೋಗಿ ಆ ಪ್ಲೇಟು ನೋಡಿದ. ಬಾಗಿಲು ತೆರೆದು ಚಾಸಿ ನಂಬರನ್ನು ಬೆರಳಿಟ್ಟು ಓದಿದ.  ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

"ಎರಡೂ ಒಂದೇ ಮಾತು ಹೇಳ್ತಿವೆ," ಎಂದು ಸಹಿ ಹಾಕಿದ. ಚೀಲದಿಂದ ಅಂಗೈಯಗಲದ ಸ್ಟಿಕ್ಕರು ತೆಗೆದು, ಹಾಳೆ ಸುಲಿದು, ಆರ್ಡಿತ್‌ಳ ಕೈಗೆ ಕೊಟ್ಟ. "ಅಂಟಿಸೋದು ನೀವು. ಸೊಟ್ಟ ಆದ್ರೆ ನನ್ನನ್ನ ಬಯ್ಯಬೇಡಿ."

ಅವಳು ಗಾಡಿಯ ಬಾಗಿಲ ಗಾಜಿಗೆ ನ್ಯೂ ಹ್ಯಾಂಪ್‌ಶೈರಿನ ಸ್ಟಿಕ್ಕರಿನ ಪಕ್ಕದಲ್ಲಿ ವರ್ಮಾಂಟಿನದನ್ನು ಒತ್ತಿದಳು. ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ, ಒಂದು ಗುಳ್ಳೆಯೂ ಉಳಿಯದಂತೆ. ತಂಡದ ಎಂಟೂ ಜನ ಸುತ್ತ ನಿಂತಿದ್ದರು. ಯಾರೋ ಚಪ್ಪಾಳೆ ತಟ್ಟಿದರು, ಡ್ವೈಟ್ ಮತ್ತೆ ಸೈರನ್ ಕೂಗಿಸಿದ, ನಾಯಿಗಳು ಮತ್ತೆ ಬೊಗಳಿದವು. ಎಲ್ವಿನ್ ಬೆಟ್ಟದಿಂದ ಒಂದು ಪಾತ್ರೆ ಬಿಸಿ ಪಾಕ ಕಳಿಸಿದ್ದ. ಬೋಗುಣಿಯಲ್ಲಿ ತುಂಬಿದ ಹಿಮದ ಮೇಲೆ ಅದನ್ನು ಎಳೆಯೆಳೆಯಾಗಿ ಸುರಿದು, ಗಟ್ಟಿಯಾದದ್ದನ್ನು ಫೋರ್ಕಿಗೆ ಸುತ್ತಿ, ಜೊತೆಗೆ ಡೋನಟ್ಟು, ಸಿಹಿ ಮುಖ ಹೊಡೆಯದಿರಲೆಂದು ಹುಳಿ ಸೌತೆಕಾಯಿ ಇಟ್ಟು ಲಾಟುಲಿಪ್‌ನ ಕೈಗೆ ಕೊಟ್ಟರು. ಅವನು ಕಣ್ಣು ಮುಚ್ಚಿ ತಿಂದ.

"ನಿಮ್ಮ ಕಡೇದಕ್ಕಿಂತ ಚೆನ್ನಾಗಿದೆ ಅಂತ ಒಪ್ಕೊಳ್ಳಿ," ಎಂದ ಡ್ವೈಟ್.

"ಇಳಿಸಿದ್ದು ನಮ್ಮ ಕಡೆಯವನು," ಎಂದ ಲಾಟುಲಿಪ್ ಬಾಯಿ ತುಂಬಾ.

ಹನ್ನೆರಡೂ ಇಪ್ಪತ್ತಕ್ಕೆ ಎಲ್ಲರ ಸೊಂಟದ ಪೇಜರುಗಳೂ ಒಟ್ಟಿಗೆ ಚೀರಿದವು. ಆಲ್ಡರ್ ಬೆಂಡ್, ತೊರೆ ರಸ್ತೆ, ಎಪ್ಪತ್ತೊಂದರ ಗಂಡಸು, ಎದೆನೋವು, ಬೆವರು. ಫೋರ್ಕುಗಳು ಹಿಮದಲ್ಲಿ ನೆಟ್ಟಲ್ಲೇ ಉಳಿದವು.

ಆರ್ಡಿತ್ ಗಾಡಿ ಹತ್ತುವಾಗ ರೇಡಿಯೋದಲ್ಲಿ ಕಂಟ್ರೋಲ್ ರೂಮಿನ ಹೆಂಗಸಿನ ದನಿ ಬಂತು: "ಹ್ಯಾಸ್ಕೆಟ್, ರೋಗಿ ಹೆಸರು ವಾಲ್ಟ್ ಎಮನ್ಸ್. ಹೆಂಡತಿ ಕಾರು ಸ್ಟಾರ್ಟ್ ಮಾಡ್ತಿದ್ದಾರೆ. ಸೇತುವೆಗೆ ಕರ್ಕೊಂಡು ಬರ್ತಾರಂತೆ."

ಆರ್ಡಿತ್ ಮೈಕು ಕಿತ್ತುಕೊಂಡಳು. "ಬೇಡ ಅಂತ ಹೇಳಿ. ಕಾರು ಆಫ್ ಮಾಡೋಕೆ ಹೇಳಿ. ಅವರು ಕೂತಲ್ಲೇ ಇರಲಿ, ಬಾಗಿಲು ತೆರೆದಿಡಲಿ. ನಾವು ಮನೆಗೇ ಬರ್ತೀವಿ."

ಆಚೆ ಕಡೆಯ ದನಿ ಏರಿತು. "ಮನೆಗೇ ಅಂತ ಹೇಳಲಾ?"

"ಮನೆಗೇ."

ಸೇತುವೆಯ ಹಲಗೆಗಳು ಗಾಡಿಯ ಕೆಳಗೆ ಗಡಗಡ ಎಂದವು. ಕೆಳಗೆ ನದಿ ಹಿಮದ ಚೂರುಗಳನ್ನು ಹೊತ್ತು ಓಡುತ್ತಿತ್ತು. ಆ ಕೊನೆಯ ಹಲಗೆ ಬಂದಾಗ ಡ್ವೈಟ್‌ನ ಕಾಲು ರೂಢಿಯಿಂದ ಬ್ರೇಕಿನ ಕಡೆ ಹೋಯಿತು.

"ನಿಲ್ಲಿಸಬೇಡ!" ಎಂದಳು ಆರ್ಡಿತ್. ಗಾಡಿ ಹಲಗೆಯಿಂದ ಡಾಂಬರಿಗೆ ಜಿಗಿಯಿತು. ಅಂಗಡಿಯ ಜಗಲಿಯಲ್ಲಿ ಕಾಫಿ ಹಿಡಿದು ನಿಂತಿದ್ದ ಮೂವರು ಗಂಡಸರು ಲೋಟ ಬಾಯಿಗೆ ಒಯ್ಯುವುದನ್ನು ಮರೆತು ಗಾಡಿಯ ಹಿಂದೆ ಕತ್ತು ತಿರುಗಿಸಿದರು.

ಎಮನ್ಸರ ಅಡುಗೆಮನೆಯ ಬಾಗಿಲು ಹಾರುಹೊಡೆದಿತ್ತು. ವಾಲ್ಟ್ ಎಮನ್ಸ್ ಕೋಟು ತೊಟ್ಟು, ಒಂದೇ ಕಾಲಿಗೆ ಬೂಟು ಹಾಕಿಕೊಂಡು, ಕುರ್ಚಿಯಲ್ಲಿ ಕೂತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಕೊರಿನ್ ಇನ್ನೊಂದು ಬೂಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹೊಸ್ತಿಲಲ್ಲಿ ಆರ್ಡಿತ್‌ಳನ್ನು ಕಂಡು, "ನೀವು ಒಳಗೆ ಬರಬಹುದಾ?" ಎಂದಳು.

"ಬರಬಹುದು," ಎಂದು ಆರ್ಡಿತ್ ಕೆಸರು ಬೂಟಿನಲ್ಲೇ ಒಳಗೆ ಬಂದು ಅವನ ಮುಂದೆ ಮಂಡಿಯೂರಿದಳು. ಮಣಿಕಟ್ಟು ಹಿಡಿದಳು. ನಾಡಿ ಇತ್ತು, ತೆಳ್ಳಗೆ, ಆದರೆ ಇತ್ತು. "ವಾಲ್ಟ್, ನೋವು ಯಾವಾಗ ಶುರುವಾಯ್ತು?"

"ಕಾಲು ಗಂಟೆ ಆಯ್ತು."

ಕಾಲು ಗಂಟೆ. ಅವಳು ಆ ಮಾತನ್ನು ಮನಸ್ಸಿನಲ್ಲೇ ಚಪ್ಪರಿಸಿದಳು. ಎರಡು ವರ್ಷದಲ್ಲಿ ಈ ದಡದ ಯಾರ ಎದೆನೋವಿಗೂ ಅವಳು ಕಾಲು ಗಂಟೆಯೊಳಗೆ ಕೈ ಇಟ್ಟಿರಲಿಲ್ಲ. ಆಸ್ಪಿರಿನ್ ಅಗಿಸಿದಳು, ಆಮ್ಲಜನಕ ಹಾಕಿದಳು, ಡ್ವೈಟ್ ಎದೆಗೆ ತಂತಿ ಅಂಟಿಸಿದ. ಪರದೆಯ ಗೆರೆ ನೋಡಿ ಅವಳೇ ಹ್ಯಾಸ್ಕೆಟ್ ಕಡೆಯ ಆಸ್ಪತ್ರೆಗೆ ರೇಡಿಯೋ ಮಾಡಿದಳು; ವೈದ್ಯರನ್ನು ಸಿದ್ಧ ಇಟ್ಟುಕೊಳ್ಳಿ, ಹೊತ್ತಿಗೆ ಮುಂಚೆ ಬರ್ತಿದ್ದೀವಿ ಎಂದಳು. ಹೊತ್ತಿಗೆ ಮುಂಚೆ ಎನ್ನುವಾಗ ದನಿ ಸ್ವಲ್ಪ ಜೋರಾಯಿತು. ಅಗತ್ಯಕ್ಕಿಂತ ಜೋರು. ಇರಲಿ.

ಸ್ಟ್ರೆಚರನ್ನು ಗಾಡಿಗೆ ಏರಿಸುವಾಗ ಒಂದು ಉಬ್ಬಿಗೂ ಅವನು ನರಳಲಿಲ್ಲ. ಗಾಡಿ ಹೊರಟಿತು. ಆರ್ಡಿತ್ ಅವನ ಪಕ್ಕದಲ್ಲಿ ಕೂತು ಗೆರೆ ನೋಡುತ್ತಿದ್ದಳು; ಅದು ನಿಧಾನವಾಗಿ ಹದಕ್ಕೆ ಬರುತ್ತಿತ್ತು, ಅವನ ತುಟಿಗೂ ಸ್ವಲ್ಪ ಬಣ್ಣ ಬರುತ್ತಿತ್ತು. ಅವನು ಆಮ್ಲಜನಕದ ಮುಸುಕಿನ ಒಳಗಿನಿಂದ ಏನೋ ಕೇಳಿದ. ಅವಳು ಬಗ್ಗಿದಳು.

"ಸೇತುವೆ ಬಂತಾ?"

"ಸೇತುವೆನಾ?" ಎಂದಳು ಆರ್ಡಿತ್. "ಅದು ದಾಟಿ ಎರಡು ನಿಮಿಷ ಆಯ್ತು ವಾಲ್ಟ್."